ನಾಲ್ಕನೇ ಭಾಗದ ಮಜಾ

ಸರಣಿ ಕಾದಂಬರಿ ಓದೋರಿಗೆ ಒಂದು ಗುಟ್ಟು ಗೊತ್ತಿರುತ್ತೆ. ಮೊದಲ ಪುಸ್ತಕ ಪರಿಚಯಕ್ಕೆ, ಎರಡು-ಮೂರು ಸಲಿಗೆಗೆ. ನಿಜವಾದ ಮಜಾ ನಾಲ್ಕನೇದರಿಂದ. ಅಷ್ಟೊತ್ತಿಗೆ ಯಾರ ಮನೆ ಎಲ್ಲಿ, ಯಾರನ್ನು ಕಂಡರೆ ಯಾರಿಗೆ ಆಗಲ್ಲ ಅನ್ನೋದೆಲ್ಲ ನಮಗೆ ಬಾಯಿಪಾಠ. ಲೇಖಕರು ಪೀಠಿಕೆ ಬಿಟ್ಟು ನೇರ ಕಥೆಗೆ ಇಳಿಯಬಹುದು.

ನನ್ನ ಮಟ್ಟಿಗೆ ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಶಾರ್ಲೇನ್ ಹ್ಯಾರಿಸ್ ಬರೆದ 'ಡೆಡ್ ಟು ದ ವರ್ಲ್ಡ್'. ಸೂಕಿ ಸ್ಟ್ಯಾಕ್‌ಹೌಸ್ ಸರಣಿಯ ನಾಲ್ಕನೇ ಕಾದಂಬರಿ, 2004ರದ್ದು. 2001ರಲ್ಲಿ ಶುರುವಾಗಿ 2013ರಲ್ಲಿ ಮುಗಿದ ಈ ಸರಣಿಯಲ್ಲಿ ಒಟ್ಟು 13 ಕಾದಂಬರಿಗಳಿವೆ. ಎಚ್‌ಬಿಓದ 'ಟ್ರೂ ಬ್ಲಡ್' ನೋಡಿದವರಿಗೆ ಇದರ ಪರಿಚಯ ಇರುತ್ತೆ. ಪುಸ್ತಕ ಬಂದು 20 ವರ್ಷ ದಾಟಿದೆ, ಹಾಗಾಗಿ ಕಥೆ ಸ್ವಲ್ಪ ಹೇಳ್ತೀನಿ. ಬೇಡ ಅನ್ನೋರು ಕೊನೆಯ ಪ್ಯಾರಾಕ್ಕೆ ಹಾರಿಬಿಡಿ.

ಜಪಾನಿನವರು ಕೃತಕ ರಕ್ತ ಕಂಡುಹಿಡಿದಿದ್ದಾರೆ. ಹಾಗಾಗಿ ವ್ಯಾಂಪೈರ್‌ಗಳು 'ನಾವೂ ಇದ್ದೀವಿ' ಅಂತ ಬಹಿರಂಗವಾಗಿ ಹೊರಗೆ ಬಂದಿದ್ದಾರೆ. ಲೂಸಿಯಾನಾದ ಬಾನ್ ಟಾಂಪ್ಸ್ ಅನ್ನೋ ಕಾಲ್ಪನಿಕ ಊರಿನ ಬಾರೊಂದರಲ್ಲಿ ಸೂಕಿ ವೇಟ್ರೆಸ್. ಅವಳಿಗೆ ಎಲ್ಲರ ಮನಸ್ಸಿನ ಮಾತೂ ಕೇಳಿಸುತ್ತೆ. ಟೇಬಲ್ ಒರೆಸುವಾಗಲೂ ಯಾರದೋ ಚಾಡಿ, ಯಾರದೋ ಕೆಟ್ಟ ಯೋಚನೆ ಕಿವಿಗೆ ಬೀಳ್ತಾನೇ ಇರುತ್ತೆ. ವ್ಯಾಂಪೈರ್‌ಗಳ ಮನಸ್ಸು ಮಾತ್ರ ಕೇಳಿಸಲ್ಲ. ಅವರ ಪಕ್ಕದಲ್ಲಿ ಕೂತರೆ ಪೂರ್ತಿ ನಿಶ್ಶಬ್ದ. ಇಡೀ ದಿನ ಹೆಡ್‌ಫೋನ್ ಹಾಕ್ಕೊಂಡು ಮೀಟಿಂಗ್‌ನಿಂದ ಮೀಟಿಂಗಿಗೆ ಜಿಗಿಯೋ ನಮ್ಮಂಥವರಿಗೆ ಅವಳು ಯಾಕೆ ಅವರ ಕಡೆ ವಾಲ್ತಾಳೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೇ ಭಾಗದ ಹೊತ್ತಿಗೆ ಮೊದಲ ಪ್ರೇಮಿ ಬಿಲ್ ಜೊತೆಗಿನ ಸಂಬಂಧ ಮುರಿದಿದೆ. ಅವನು ವ್ಯಾಂಪೈರ್‌ಗಳ ಡೇಟಾಬೇಸ್ ಮಾಡ್ತಿದ್ದಾನೆ, ಅದರ ಕೆಲಸಕ್ಕೆ ಪೆರುವಿಗೆ ಹೊರಡ್ತಾನೆ. ನೂರಾರು ವರ್ಷ ಬದುಕೋ ಅವಕಾಶ ಸಿಕ್ಕಿದ್ರೂ ಕೊನೆಗೆ ಡೇಟಾ ಎಂಟ್ರಿನೇ! ಇಲ್ಲಿ ನಾನು ಜೋರಾಗಿ ನಕ್ಕೆ.

ಹೊಸ ವರ್ಷದ ರಾತ್ರಿ ಪಾರ್ಟಿ ಮುಗಿಸಿ ಸೂಕಿ ಕಾರಿನಲ್ಲಿ ಮನೆಗೆ ಬರ್ತಿರುವಾಗ, ಕೊರೆಯೋ ಚಳಿಯಲ್ಲಿ ಒಬ್ಬ ಬರಿಗಾಲಲ್ಲಿ ರಸ್ತೆ ಮೇಲೆ ಓಡ್ತಿರ್ತಾನೆ. ನೋಡಿದ್ರೆ ಎರಿಕ್. ಸಾವಿರ ವರ್ಷ ದಾಟಿದ ವೈಕಿಂಗ್, ಆ ಪ್ರದೇಶದ ವ್ಯಾಂಪೈರ್‌ಗಳಿಗೆಲ್ಲ ದಣಿ, ಮಹಾ ಅಹಂಕಾರಿ. ಮಾಟಗಾತಿಯರ ದೆಸೆಯಿಂದ ಈಗ ಅವನಿಗೆ ತಾನು ಯಾರು ಅನ್ನೋದೇ ನೆನಪಿಲ್ಲ, ಹೆದರಿಹೋಗಿದ್ದಾನೆ. ಸೂಕಿ ಅವನನ್ನು ತನ್ನ ಮನೆಯಲ್ಲಿ ಬಚ್ಚಿಡ್ತಾಳೆ. ಅತ್ತ ಅವಳ ಅಣ್ಣ ಜೇಸನ್ ಕಾಣೆಯಾಗ್ತಾನೆ.

ಮೊದಲ ಮೂರು ಪುಸ್ತಕ ಕೆಲಸಕ್ಕೆ ಬರೋದು ಇಲ್ಲೇ. ಎರಿಕ್‌ನ ಜಂಬ ನೋಡಿ ನೋಡಿ ಸಾಕಾದವರಿಗೆ ಮಾತ್ರ ಈ ಮೆತ್ತಗಿನ ಎರಿಕ್ ತಮಾಷೆಯಾಗಿ ಕಾಣ್ತಾನೆ, ಆಮೇಲೆ ನಿಧಾನಕ್ಕೆ ಇಷ್ಟವಾಗ್ತಾನೆ. ಇದನ್ನೇ ಮೊದಲು ಓದಿದ್ರೆ ಅವನು ಬರೀ ಒಬ್ಬ ಒಳ್ಳೆ ಹುಡುಗ, ಅಷ್ಟೇ. ಇಬ್ಬರ ನಡುವೆ ಪ್ರೀತಿ ಹುಟ್ಟುತ್ತೆ. ಕೊನೆಯಲ್ಲಿ ಮಾಟ ಬಿಡುತ್ತೆ, ಅವನಿಗೆ ಹಳೆಯದೆಲ್ಲ ವಾಪಸ್ ಬರುತ್ತೆ. ಆದರೆ ಸೂಕಿ ಜೊತೆ ಕಳೆದ ಆ ದಿನಗಳು ಮಾತ್ರ ಅಳಿಸಿಹೋಗಿರುತ್ತವೆ. ಅವಳ ಅಡುಗೆಮನೆಯಲ್ಲಿ ನಡೆದ ಒಂದು ಭಯಂಕರ ಸಂಗತಿಯಲ್ಲಿ ಅವಳಿಗೆ ಜೊತೆಯಾಗಿದ್ದವನು ಅವನೇ. ಅದೂ ಅವನಿಗೆ ನೆನಪಿಲ್ಲ. ಪ್ರೀತಿ, ಭಯ, ಗುಟ್ಟು ಎಲ್ಲವೂ ಈಗ ಅವಳೊಬ್ಬಳ ಪಾಲಿಗೆ.

ಇಲ್ಲಿ ನಾನು ಫೋನ್ ಪಕ್ಕಕ್ಕಿಟ್ಟು ಸುಮ್ಮನೆ ಕೂತೆ. ಕೆಲಸ ಹುಡುಕ್ತಿದ್ದ ದಿನಗಳಲ್ಲಿ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಒಬ್ಬನಿದ್ದ. ರಾತ್ರಿ ಒಂದು ಗಂಟೆಗೆ ಒಂದೇ ಪ್ಯಾಕೆಟ್ ಮ್ಯಾಗಿ ಹಂಚಿಕೊಂಡವರು ನಾವು. ಅವನಪ್ಪನ ಆಪರೇಷನ್ ದಿನ ಬೆಳಗಿನವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಒಟ್ಟಿಗೆ ಕೂತಿದ್ವಿ. ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಾಗ ಆ ರಾತ್ರಿಯ ಮಾತು ತೆಗೆದೆ. "ಹೌದಾ? ನೀನೂ ಬಂದಿದ್ಯಾ ಅವತ್ತು?" ಅಂದ. ಅವನ ದನಿಯಲ್ಲಿ ಉದಾಸೀನ ಇರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಅವನ ಮೇಲೆ ಕೋಪ ಬರಲಿಲ್ಲ, ಊಟ ಮಾತ್ರ ರುಚಿಸಲಿಲ್ಲ. ಜಗಳ ಆಗಿದ್ರೆ ಮಾತಾಡಿ ಸರಿ ಮಾಡ್ಕೋಬಹುದಿತ್ತು. ಇದಕ್ಕೆ ಏನು ಮಾಡೋದು? ಸೂಕಿಯ ಕಷ್ಟವೂ ಅದೇ. ಎದುರಿಗೆ ಅದೇ ಮುಖ ಇದೆ, ಆದರೆ ತನಗೆ ಬೇಕಾದವನು ಅಲ್ಲಿಲ್ಲ.

ಸೂಕಿ ಮಾರನೇ ದಿನವೂ ಡ್ಯೂಟಿಗೆ ಹೋಗೋಳು. ಅವಳಿಗೆ ದುಡ್ಡಿನ ತಾಪತ್ರಯ ಇದ್ದೇ ಇದೆ, ಅಳ್ತಾ ಕೂರೋಕೆ ರಜೆ ಎಲ್ಲಿ? ಹೀಗಾಗಿ ಮಾಟ, ಮಂತ್ರ, ತೋಳಮನುಷ್ಯರ ಹೊಡೆದಾಟ ಇಷ್ಟೆಲ್ಲ ಇದ್ರೂ ಇವಳು ನಮ್ಮ ಪಕ್ಕದ ಮನೆಯವಳ ಥರ ಕಾಣ್ತಾಳೆ. ಭಾಷೆ ಸರಳ, ಅಧ್ಯಾಯಗಳು ಚುರುಕು. ಕೆಲವು ಕಡೆ ಬಟ್ಟೆಬರೆಯ ವರ್ಣನೆ ಜಾಸ್ತಿ ಆಯ್ತು ಅನ್ನಿಸುತ್ತೆ, ಮಾಟಗಾತಿಯರ ಯುದ್ಧ ಸ್ವಲ್ಪ ಗಡಿಬಿಡಿ. 'ಇದೆಂಥ ಅಗ್ಗದ ಪುಸ್ತಕ' ಅಂತ ಮೂಗು ಮುರಿಯೋರು ಮುರೀಲಿ. ಮರೆತವರ ಮುಂದೆ ನೆನಪಿಟ್ಟವರ ಗತಿ ಏನು ಅನ್ನೋದನ್ನು ನನಗೆ ಇಷ್ಟು ಸಲೀಸಾಗಿ ಹೇಳಿದ ಪುಸ್ತಕ ಬೇರೆ ಇಲ್ಲ.

ಓದಬೇಕು ಅನ್ನಿಸಿದ್ರೆ ದಯವಿಟ್ಟು ಮೊದಲ ಭಾಗ 'ಡೆಡ್ ಅನ್‌ಟಿಲ್ ಡಾರ್ಕ್'ನಿಂದಲೇ ಶುರುಮಾಡಿ, ನೇರ ನಾಲ್ಕಕ್ಕೆ ಕೈ ಹಾಕಬೇಡಿ. ಮೆಟ್ರೋದಲ್ಲಿ ಹೋಗ್ತಾ ಬರ್ತಾ ಓದಿದ್ರೂ ಬೇಗ ಮುಗಿಯುತ್ತೆ. ನಾನಂತೂ ಐದನೇದು ಡೌನ್‌ಲೋಡ್ ಮಾಡಿ ಇಟ್ಕೊಂಡಿದ್ದೀನಿ. ಬೆಳಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡ್‌ಅಪ್ ಇದೆ. ಇವತ್ತು ಒಂದೇ ಅಧ್ಯಾಯ ಅಂದುಕೊಂಡಿದ್ದೀನಿ, ನೋಡೋಣ.