ಎಷ್ಟು ಸಂದರ್ಶನ ಸಾಕು?

ಹಾಸನದ ಕಾಲೇಜೊಂದರಲ್ಲಿ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿಕೊಂಡಿರುವ ನನಗೂ ಅಮೆರಿಕದ ವೈದ್ಯಶಿಕ್ಷಣಕ್ಕೂ ಯಾವ ಸಂಬಂಧವೂ ಇರಲಿಲ್ಲ. ಹೊಳೆನರಸೀಪುರದ ನನ್ನ ಅಕ್ಕನ ಮಗ ಅದನ್ನು ಕಲ್ಪಿಸಿದನು. ಇಲ್ಲಿ ವೈದ್ಯಪದವಿ ಪಡೆದು, ಆ ದೇಶದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಅಲ್ಲಿನ ಆಸ್ಪತ್ರೆಗಳಲ್ಲಿ ‘ರೆಸಿಡೆನ್ಸಿ’ ಎಂಬ ತರಬೇತಿಗೆ ಅರ್ಜಿ ಹಾಕಿದ್ದ ಅವನಿಗೆ ಹದಿನಾರು ಕಡೆಗಳಿಂದ ಸಂದರ್ಶನದ ಕರೆ ಬಂದಿತ್ತು. “ಮಾವ, ಎಲ್ಲಕ್ಕೂ ಕೂರಲೇ, ಕೆಲವನ್ನು ಬಿಡಲೇ?” ಎಂದು ಕೇಳಿದನು.

ನಮ್ಮಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಇಲ್ಲಿ ವೈದ್ಯಕೀಯ ಸ್ನಾತಕೋತ್ತರ ಸೀಟಿಗೆ ನೀಟ್ ಪರೀಕ್ಷೆಯ ರ‍್ಯಾಂಕೇ ಆಧಾರ. ಅಲ್ಲಿಯಾದರೋ, ಸಂದರ್ಶನಗಳು ಮುಗಿದ ಮೇಲೆ ಅಭ್ಯರ್ಥಿಯು ಆಸ್ಪತ್ರೆಗಳನ್ನೂ ಆಸ್ಪತ್ರೆಗಳು ಅಭ್ಯರ್ಥಿಗಳನ್ನೂ ತಮ್ಮ ತಮ್ಮ ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. 1952ರಿಂದ ನಡೆದುಬಂದಿರುವ ‘ಮ್ಯಾಚ್’ ಎಂಬ ಈ ಏರ್ಪಾಟಿನಲ್ಲಿ ಈಗ ಗಣಕಯಂತ್ರವು ಎರಡು ಪಟ್ಟಿಗಳನ್ನೂ ಹೊಂದಿಸುತ್ತದೆ. ಮಾರ್ಚ್ ತಿಂಗಳಲ್ಲಿ ಒಬ್ಬನಿಗೆ ಒಂದು ಸ್ಥಾನ, ಇಲ್ಲವೇ ಏನೂ ಇಲ್ಲ. ದೊರೆತದ್ದನ್ನು ಒಪ್ಪಿಕೊಳ್ಳಲೇಬೇಕು. 1962ರಲ್ಲಿ ಗೇಲ್ ಮತ್ತು ಶೇಪ್ಲಿ ಎಂಬ ಗಣಿತಜ್ಞರು ಇಂಥ ಹೊಂದಾಣಿಕೆಯ ತತ್ತ್ವವನ್ನು ವಿವರಿಸಲು ಆರಿಸಿಕೊಂಡ ದೃಷ್ಟಾಂತ ಮದುವೆ!

ಹುಡುಗನ ಭಯ ನಿರಾಧಾರವಲ್ಲ. 2024ರಲ್ಲಿ ಅಮೆರಿಕದ ಎಂ.ಡಿ. ಕಾಲೇಜುಗಳ ಕೊನೆಯ ವರ್ಷದವರಲ್ಲಿ ನೂರಕ್ಕೆ ಸುಮಾರು 93 ಮಂದಿಗೆ ಸ್ಥಾನ ದೊರೆತರೆ, ಹೊರದೇಶಗಳಲ್ಲಿ ಓದಿದ ಪರದೇಶೀಯರಲ್ಲಿ ದೊರೆತದ್ದು ಸುಮಾರು 58 ಮಂದಿಗೆ. ಇತ್ತ ನಮ್ಮ ಭಾವನವರು ಮಗನ ಪರೀಕ್ಷೆಗಳ ಖರ್ಚಿಗಾಗಿ ತೆಂಗಿನ ತೋಟವನ್ನು ಅಡವಿಟ್ಟಿದ್ದಾರೆ. “ಬಂದ ಕರೆಯನ್ನು ಬಿಡುವವನು ಹುಚ್ಚ” ಎಂಬುದು ಅವರ ತೀರ್ಮಾನ.

ಹಿಂದೆ ವಿಮಾನದ ದರವೇ “ಸಾಕು” ಎನ್ನುತ್ತಿತ್ತು. 2020ರಲ್ಲಿ ಕೋವಿಡ್ಡಿನಿಂದಾಗಿ ಸಂದರ್ಶನಗಳು ಪರದೆಯ ಮೇಲೆ ಬಂದವು. ಈಗಲೂ ಬಹುಪಾಲು ಹಾಗೆಯೇ ನಡೆಯುತ್ತವೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಗಿನ ಒಂಬತ್ತು ಗಂಟೆ ನಮಗೆ ಸಂಜೆಯ ಏಳೂವರೆ. ಹೊಳೆನರಸೀಪುರದ ಮಹಡಿಯ ಕೋಣೆಯಲ್ಲಿ ಕೋಟು ತೊಟ್ಟು ಕುಳಿತರೆ ಆಯಿತು. ಬಡವರ ಮಕ್ಕಳಿಗೆ ಇದು ದೊಡ್ಡ ಉಪಕಾರ. ಆದರೆ ಖರ್ಚಿನೊಡನೆ ಅಂಕೆಯೂ ಹೋಯಿತು.

ನನಗೆ ಅರಕಲಗೂಡಿನ ಚಿಕ್ಕಮ್ಮನ ನೆನಪಾಯಿತು. ನಾನು ಚಿಕ್ಕವನಾಗಿದ್ದಾಗ ಆಕೆಯನ್ನು ನೋಡಲು ಒಂದು ಕಡೆಯವರು ಬಂದು, ಉಪ್ಪಿಟ್ಟು ಕೇಸರೀಬಾತು ಮುಗಿಸಿ, “ಊರಿಗೆ ಹೋಗಿ ಕಾಗದ ಬರೆಯುತ್ತೇವೆ” ಎಂದು ಎದ್ದರು. ಅಜ್ಜ ಎರಡು ತಿಂಗಳು ಅಂಚೆಯವನ ದಾರಿ ಕಾದರು; ಆ ನಡುವೆ ಬಂದ ಇನ್ನೊಂದು ಸಂಬಂಧಕ್ಕೆ ಉತ್ತರ ಕೊಡದೆ ಅದೂ ಕೈತಪ್ಪಿತು. ಆ ಗಂಡಿಗೆ ಬೇರೆಡೆ ಮೊದಲೇ ಮಾತಾಗಿತ್ತೆಂದು ಆಮೇಲೆ ತಿಳಿಯಿತು. ಅವರು ಬಂದದ್ದು, “ಇದೂ ಒಂದು ಇರಲಿ” ಎಂದು.

ಸಂದರ್ಶನದ ಆಸನಗಳಿಗೂ ಮಿತಿಯುಂಟು. ನನ್ನ ಸೋದರಳಿಯನಷ್ಟೇ ಓದಿದ, ಚನ್ನರಾಯಪಟ್ಟಣದ ಅವನ ಸಹಪಾಠಿಗೆ ಬಂದದ್ದು ಒಂದೇ ಕರೆ. ಇವನು ಬಿಟ್ಟ ಜಾಗ ಅವನಿಗೇ ಸಿಕ್ಕುತ್ತದೆಂದು ನಾನು ಹೇಳಲಾರೆ. ಆದರೆ ಹೊತ್ತಿಗೆ ಮುಂಚೆ ಬಿಟ್ಟರೆ, ಕಾದು ಕುಳಿತ ಯಾರನ್ನಾದರೂ ಕರೆಯಲು ಎಡೆಯಾಗುತ್ತದೆ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಹತ್ತೋ ಹದಿನೈದೋ ಎಂದು ಲೆಕ್ಕ ಹಾಕುವ ಮುನ್ನ, ಪ್ರತಿಯೊಂದು ಕರೆಯ ಮುಂದೆಯೂ “ಇದೊಂದೇ ದೊರೆತರೆ ಹೋಗುವೆನೇ?” ಎಂದು ಕೇಳಿಕೊಳ್ಳಬೇಕು. ಹೌದಾದರೆ, ಊರು ಸಣ್ಣದಿರಲಿ, ಹಿಮ ಮೊಳಕಾಲುದ್ದ ಬೀಳಲಿ, ಕೂರಲೇಬೇಕು. ಅಂಥವು ಇಪ್ಪತ್ತಾದರೂ ಅತಿಯಾಸೆಯಲ್ಲ. ಪಟ್ಟಿಯ ಕೊನೆಗೆ ಒಂದು ಹೆಸರು ಸೇರಿದ ಮಾತ್ರಕ್ಕೆ ಮೇಲಿನ ಹೆಸರುಗಳಿಗೆ ಬಾಧೆಯಿಲ್ಲ. ಅಲ್ಲವಾದರೆ, ಆ ದಿನವೇ ವಿನಯದಿಂದ ಬರೆದು ತಿಳಿಸಬೇಕು.

ಹುಡುಗನು ಇಡೀ ಸಂಜೆ ಯೋಚಿಸಿ ಹದಿನಾರರಲ್ಲಿ ಮೂರನ್ನು ಬಿಟ್ಟನು. ನನ್ನ ಎದುರಿಗೇ ಮೂರು ಓಲೆಗಳನ್ನು ಕಳುಹಿಸಿದನು. ಹದಿಮೂರು ಉಳಿದವು. ಫಲ ಏನಾಗುವುದೋ ಮಾರ್ಚಿನವರೆಗೆ ತಿಳಿಯದು. ಅಲ್ಲಿಯವರೆಗೆ ಭಾವನವರು ನನ್ನೊಡನೆ ಹೆಚ್ಚು ಮಾತನಾಡುವಂತೆ ತೋರುವುದಿಲ್ಲ. ತೋಟ ಅವರದು, ಅವರನ್ನು ನಾನು ದೂರಲಾರೆ.