ಗುಡ್ಡದ ಹುಲ್ಲಿಗೆ ಬಿಡುವು ಕೊಡಿ, ದನಕ್ಕೆ ದಾರಿ ಬಿಡಿ

ಬಾಬಾಬುಡನ್‌ಗಿರಿ ಸಾಲಿನ ತಪ್ಪಲಲ್ಲಿ ದನ ಸಾಕುವವರ ಹಕ್ಕೊತ್ತಾಯ

ಚಿಕ್ಕಮಗಳೂರು ಜಿಲ್ಲಾಡಳಿತ ಹಾಗೂ ಅರಣ್ಯ ಇಲಾಖೆಗೆ,

ದನ ಬಿಡುವುದನ್ನೇ ನಿಲ್ಲಿಸಿ ಎನ್ನುವವರ ಮಾತನ್ನೂ, ಎಷ್ಟು ಬಿಟ್ಟರೂ ಗುಡ್ಡಕ್ಕೇನೂ ಆಗದು ಎನ್ನುವವರ ಮಾತನ್ನೂ ನಾವು ಒಪ್ಪುವುದಿಲ್ಲ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗೆ ಮೇಯಿಸಲು ಬಿಡಿ ಎಂದೂ ಕೇಳುತ್ತಿಲ್ಲ. ಅದರ ಹೊರಗಿನ ಗುಡ್ಡಗಳಿಗೆ ನಮ್ಮ ಬೇಡಿಕೆಗಳಿವು:

1. ಏಪ್ರಿಲ್–ಮೇ ತಿಂಗಳ ಮಳೆ ಬಿದ್ದ ಕೆಲವೇ ದಿನಕ್ಕೆ ಬೆರಳುದ್ದ ಚಿಗುರು ಬರುತ್ತದೆ. ಬೇಸಿಗೆಯಿಡೀ ಒಣಹುಲ್ಲು ತಿಂದ ದನ ಅದಕ್ಕೆ ಬಾಯಿ ಹಾಕಿದರೆ ಬೇರು ಮಣ್ಣುಸಮೇತ ಕಿತ್ತು ಬರುತ್ತದೆ. ಜೂನ್ ಮಳೆಗೆ ಆ ಜಾಗವೇ ಕೊಚ್ಚಿಹೋಗುತ್ತದೆ. ಹುಲ್ಲು ಮೊಣಕಾಲೆತ್ತರ ಆಗುವವರೆಗೆ ಇಳಿಜಾರಿಗೆ ದನ ಬಿಡಬಾರದೆಂದು ಗ್ರಾಮಸಭೆ ನಿರ್ಣಯ ಮಾಡಲಿ. ಅಷ್ಟು ದಿನದ ಮೇವನ್ನು ಪಶುಪಾಲನಾ ಇಲಾಖೆ ಕೊಡಲಿ. ಮೇವು ಕೊಡದೆ ಬೇಲಿ ಹಾಕಿದರೆ ಬೇಲಿ ಉಳಿಯದು. ಇದು ಬೆದರಿಕೆಯಲ್ಲ, ಹಸಿದ ದನದ ಸ್ವಭಾವ.

2. ಸರದಿಯಂತೆ ಪ್ರತಿ ವರ್ಷ ಗುಡ್ಡದ ಒಂದು ಭಾಗವನ್ನು ಹುಲ್ಲಿನ ಬೀಜ ಉದುರುವ ತನಕ ಮುಟ್ಟದೆ ಬಿಡಬೇಕು. ಗಡಿಯನ್ನು ಹಳ್ಳ, ಬಂಡೆ ನೋಡಿ ನಾವೇ ತೋರಿಸುತ್ತೇವೆ.

3. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಂತೆ 100 ದನಕ್ಕೆ 12 ಹೆಕ್ಟೇರ್ ಗೋಮಾಳ ಇರಬೇಕು. ಕೆಳಗಿನ ಗೋಮಾಳ ಒತ್ತುವರಿಯಾದಷ್ಟೂ ದನ ಮೇಲಿನ ಗುಡ್ಡ ಹತ್ತುತ್ತದೆ. ಊರೂರಿನ ಗೋಮಾಳ ಅಳೆದು ಹದ್ದುಬಸ್ತು ಮಾಡಿ. ಸಣ್ಣವರ ಗುಡಿಸಲಿನಿಂದಲ್ಲ, ದೊಡ್ಡ ತೋಟಗಳಿಂದ ಶುರುಮಾಡಿ.

4. ಬೋಳುಗುಡ್ಡ ಕಂಡಕೂಡಲೇ ಸಸಿ ನೆಡುವುದನ್ನು ನಿಲ್ಲಿಸಿ. ಇಲ್ಲಿ ಶೋಲಾ ಕಾಡು ಕಣಿವೆಯ ಮಡಿಲಲ್ಲಿ, ಹುಲ್ಲು ನೆತ್ತಿಯ ಮೇಲೆ. ಎರಡೂ ತಮ್ಮ ಜಾಗದಲ್ಲೇ ಇವೆ. ಅಕೇಶಿಯಾ ತೋಪಿನಡಿ ದನ ತಿನ್ನುವ ಹುಲ್ಲು ಸಿಗದು. ವನಮಹೋತ್ಸವದ ಫೋಟೋಕ್ಕೆ ರಸ್ತೆಬದಿ ಸಾಕಷ್ಟಿದೆ.

5. ಲಂಟಾನ, ಯುಪಟೋರಿಯಂ ಕಡಿದರೆ ಮತ್ತೆ ಚಿಗುರುತ್ತವೆ. ಬೀಜ ಕಟ್ಟುವ ಮೊದಲೇ ಬುಡಸಹಿತ ಕೀಳಿಸಿ, ಆ ಕೂಲಿ ಊರವರಿಗೇ ಕೊಡಿ.

6. ಹುಲ್ಲಿನ ಮೇಲೆ ಜೀಪು, ಬೈಕು ಹತ್ತಿಸುವುದನ್ನು ಪೂರ್ತಿ ನಿಷೇಧಿಸಿ. ಚಕ್ರದ ಗುರುತು ಮಳೆಗಾಲದಲ್ಲಿ ಕೊರಕಲಾಗುತ್ತದೆ.

7. ಬೆಂಕಿ ಬಿದ್ದಾಗ ಮೊದಲು ವಿಚಾರಣೆಗೆ ಕರೆಯುವುದು ದನ ಕಾಯುವವರನ್ನು. ಹಾಗಿದ್ದರೆ ಬೇಸಿಗೆಯ ಬೆಂಕಿ ಕಾವಲಿಗೂ ಅವರನ್ನೇ ಮೊದಲು ಕರೆಯಿರಿ.

8. ಅರಣ್ಯ ಹಕ್ಕುಗಳ ಕಾಯ್ದೆ, 2006ರ ಸೆಕ್ಷನ್ 3(1)(ಡಿ) ಮೇಯಿಸುವುದನ್ನು ಸಮುದಾಯ ಹಕ್ಕೆಂದು ಹೇಳುತ್ತದೆ. ಅರ್ಹ ಅರ್ಜಿಗಳನ್ನು ಇತ್ಯರ್ಥಪಡಿಸಿ.

9. ಈ ಇಳಿಜಾರಿಗೆ ಹೊಂದುವ ದನ ಮಲೆನಾಡು ಗಿಡ್ಡ. ಸಾಲ, ವಿಮೆ, ಸಹಾಯಧನ ಸೀಮೆಹಸುವಿಗೆ ಸಿಗುವಂತೆ ಗಿಡ್ಡಕ್ಕೂ ಸಿಗಲಿ.

ಮೊದಲ ಮಳೆಗೂ ಮುನ್ನ ಈ ಬಗ್ಗೆ ಸಭೆ ಕರೆಯಬೇಕು. ಸಭೆ ಕಚೇರಿಯಲ್ಲಿ ಬೇಡ, ಗುಡ್ಡದ ಮೇಲಾಗಲಿ.