ನಮ್ಮ ಕಪಾಟಿನಲ್ಲಿ ಇಲ್ಲದ ಪುಸ್ತಕ

ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಕನ್ನಡಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ, ಎಂಟು ಜ್ಞಾನಪೀಠ ಪ್ರಶಸ್ತಿಗಳಿವೆ. ಚಪ್ಪಾಳೆಯೂ ತಪ್ಪದೆ ಬೀಳುತ್ತದೆ. ನಾನೂ ತಟ್ಟಿದವನೇ. ಆದರೆ ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗದ ತರುವಾಯ ಆ ಚಪ್ಪಾಳೆಗೆ ನನ್ನ ಕೈ ಸಲೀಸಾಗಿ ಏಳುತ್ತಿಲ್ಲ.

ನನ್ನ ತಾಯಿಗೆ ಹೃದಯದ ಕವಾಟ ಬದಲಾಯಿಸುವ ಶಸ್ತ್ರಚಿಕಿತ್ಸೆಯಾಯಿತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಮಾತ್ರೆ ಕೊಟ್ಟರು. ಮನೆಗೆ ಕಳುಹಿಸುವಾಗ ಪಥ್ಯದ ಒಂದು ಪುಸ್ತಿಕೆಯನ್ನೂ ಕೊಟ್ಟರು. ಅದು ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿತ್ತು. ದಾದಿ ಬಾಯಿಮಾತಿನಲ್ಲಿ ‘ಪಾಲೇಭಾಜಿ’ಯ ಬಗ್ಗೆ ಎಚ್ಚರವಿರಲಿ ಎಂದಳು. ಅಮ್ಮ ತಲೆಯಾಡಿಸಿದರು. ಅವರ ಲೆಕ್ಕದಲ್ಲಿ ಪಾಲೇಭಾಜಿಯೆಂದರೆ ಪೇಟೆಯಲ್ಲಿ ಕಟ್ಟು ಕಟ್ಟಾಗಿ ಸಿಗುವ ಮೆಂತ್ಯ, ಪಾಲಕ. ಐರೋಲಿಯ ನಮ್ಮ ಬಾಲ್ಕನಿಯ ಕುಂಡದಲ್ಲಿ ಊರಿನಿಂದ ತಂದು ಹಬ್ಬಿಸಿದ ಬಸಳೆ ಅದರಲ್ಲಿ ಸೇರುತ್ತದೆಂದು ಅವರಿಗೆ ಹೊಳೆಯಲಿಲ್ಲ. ರಕ್ತಕ್ಕೆ ಒಳ್ಳೆಯದೆಂದು ದಿನ ಬಿಟ್ಟು ದಿನ ಬಸಳೆಯ ಹುಳಿ ಮಾಡಿ ಉಂಡರು. ಮೂರು ವಾರದಲ್ಲಿ ರಕ್ತಪರೀಕ್ಷೆಯ ಅಂಕಿ ಕೆಳಗಿಳಿದು ಪುನಃ ಆಸ್ಪತ್ರೆ ಸೇರಬೇಕಾಯಿತು. ಹಸಿರು ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವವು ಈ ಮಾತ್ರೆಯ ಕೆಲಸವನ್ನು ಕುಗ್ಗಿಸುತ್ತದೆ. ಸೊಪ್ಪು ತಿನ್ನಲೇಬಾರದೆಂದಲ್ಲ, ವೈದ್ಯರಿಗೆ ತಿಳಿಸದೆ ಪ್ರಮಾಣ ಏರಿಳಿಸಬಾರದು. ಇಷ್ಟು ಮಾತು ಬಸಳೆಯ ಹೆಸರಿನೊಡನೆ ಕನ್ನಡದಲ್ಲಿ ಅಚ್ಚಾಗಿ ಅವರ ಕೈಯಲ್ಲಿದ್ದಿದ್ದರೆ ಸಾಕಿತ್ತು. ಕಾದಂಬರಿಗಳನ್ನು ಎರಡೇ ದಿನದಲ್ಲಿ ಓದಿ ಮುಗಿಸುವ ಹೆಂಗಸು ಅವರು. ಓದು ಬಾರದವರಲ್ಲ.

ಆಸ್ಪತ್ರೆಯವರನ್ನು ನಾನು ದೂರುವುದಿಲ್ಲ. ಮಹಾರಾಷ್ಟ್ರದ ಆಸ್ಪತ್ರೆ ಕನ್ನಡದಲ್ಲಿ ಪುಸ್ತಿಕೆ ಅಚ್ಚು ಹಾಕಬೇಕೆಂದು ಕೇಳುವುದು ನ್ಯಾಯವಲ್ಲ. ನಾನು ದೂರುವುದು ನಮ್ಮನ್ನು.

ಇಂಥ ವಿಷಯ ಬಂದಾಗಲೆಲ್ಲ “ಕನ್ನಡದಲ್ಲಿ ಅಂಥ ಪುಸ್ತಕಗಳೇ ಇಲ್ಲವಲ್ಲ!” ಎನ್ನುವವರುಂಟು. ಇದು ಅರ್ಧ ಸತ್ಯ, ಮೈಗಳ್ಳತನದ ಸತ್ಯ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ್ದು 1918ರಲ್ಲಿ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನೂ, ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಕುಳಿತು ಬರೆದರು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರ ‘ತಾಯಿ-ಮಗು’ ಎಷ್ಟೋ ಮನೆಗಳಲ್ಲಿ ಬಾಣಂತಿಯ ತಲೆದಿಂಬಿನ ಪಕ್ಕದಲ್ಲಿತ್ತು. ಕಲಬುರ್ಗಿಯ ಡಾ. ಪಿ. ಎಸ್. ಶಂಕರರು ವೈದ್ಯ ವಿಷಯಗಳ ಮೇಲೆ ಕನ್ನಡದಲ್ಲಿ ರಾಶಿ ಬರೆದಿದ್ದಾರೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದೆ, ಅದರ ‘ಬಾಲ ವಿಜ್ಞಾನ’ ಇದೆ. ಪುಸ್ತಕವೇ ಇಲ್ಲ ಎನ್ನುವವರು ಇವುಗಳಲ್ಲಿ ಎಷ್ಟನ್ನು ಕೊಂಡಿದ್ದಾರೆ?

ನಮ್ಮ ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಸಂಘಗಳಲ್ಲಿ ನಾನು ಕಂಡ ಪುಸ್ತಕದ ಕಪಾಟುಗಳಲ್ಲಿ ಕಾದಂಬರಿಗಳಿವೆ, ಅಭಿನಂದನ ಗ್ರಂಥಗಳಿವೆ, ಸ್ಮರಣ ಸಂಚಿಕೆಗಳಂತೂ ಬೇಕಾದಷ್ಟಿವೆ. ನಿಘಂಟು ಒಂದಿದ್ದರೆ ಹೆಚ್ಚು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯ ಜೊತೆ ಕೊಡುವ ಸ್ಮರಣಿಕೆಗಳಿಗೆ ನಾವು ವರ್ಷಕ್ಕೆ ಸುರಿಯುವ ಹಣದಲ್ಲಿ ಒಂದು ಒಳ್ಳೆಯ ಪರಾಮರ್ಶನ ಕಪಾಟು ತುಂಬಿ ಮಿಕ್ಕೀತು. ಕೊಳ್ಳುವವರಿಲ್ಲದ ಪುಸ್ತಕವನ್ನು ಪ್ರಕಾಶಕ ಎರಡನೆಯ ಸಲ ಅಚ್ಚು ಹಾಕುವನೇ?

ಹಾಗೆಂದು ತಪ್ಪೆಲ್ಲ ಓದುಗರದೇ ಎಂದೂ ನಾನು ಹೇಳಲಾರೆ. ಮಾಡುವವರ ಪಾಲೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. ಕೆಲಸ ದೊಡ್ಡದು, ಅದನ್ನು ಹೊತ್ತವರಿಗೆ ಕೈ ಮುಗಿಯೋಣ. ಆದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ ಆರಂಭವಾದ ಕೋಶವು ಮುಗಿಯುವಾಗ ಮೊಬೈಲ್ ಫೋನು ಎಲ್ಲರ ಜೇಬಿನಲ್ಲಿತ್ತು. ವಿಜ್ಞಾನದ ಕೋಶ ಒಮ್ಮೆ ಕಟ್ಟಿ ಬಿಡುವ ದೇವಸ್ಥಾನವಲ್ಲ, ವರ್ಷವರ್ಷವೂ ಹೊದಿಸಬೇಕಾದ ಹುಲ್ಲಿನ ಮಾಡು. ನಾವಿರುವ ರಾಜ್ಯವನ್ನೇ ನೋಡಿ. ಸಾತಾರಾ ಜಿಲ್ಲೆಯ ವಾಯಿಯಲ್ಲಿ ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿಯವರ ಮುಂದಾಳ್ತನದಲ್ಲಿ ಆರಂಭವಾದ ಮರಾಠಿ ವಿಶ್ವಕೋಶಕ್ಕೂ ದಶಕಗಳೇ ಹಿಡಿದವು. ಆದರೆ ಅವರು ಅದನ್ನು ಅಂತರಜಾಲಕ್ಕೇರಿಸಿ, ವಿಷಯಕ್ಕೊಂದು ಜ್ಞಾನಮಂಡಲ ಮಾಡಿ, ತಜ್ಞರಿಂದ ತಿದ್ದಿಸುತ್ತಿದ್ದಾರೆ. ಮರಾಠಿ ವಿಜ್ಞಾನ ಪರಿಷತ್ತು 1966ರಿಂದ ಇದೇ ಮುಂಬಯಿಯಲ್ಲಿ ಕೆಲಸ ಮಾಡುತ್ತಿದೆ. ನೆರೆಮನೆಯವರನ್ನು ನೋಡಿ ಕಲಿಯುವುದರಲ್ಲಿ ಅವಮಾನವೇನಿದೆ?

ಇನ್ನೊಂದು ದೋಷ ಭಾಷೆಯದು. ಆಕ್ಸಿಜನ್ ಎಂದರೆ ಅಡುಗೆಮನೆಯವರಿಗೂ ಗೊತ್ತು, ಆಮ್ಲಜನಕ ಎಂದರೂ ಶಾಲೆ ಕಲಿತವರಿಗೆ ಗೊತ್ತು. ಆದರೆ ಪ್ರತಿಯೊಂದು ಹೆಸರಿಗೂ ಸಂಸ್ಕೃತದ ಗಂಟು ಕಟ್ಟಿ, ಆ ಗಂಟನ್ನು ಬಿಚ್ಚದೆ ಹೋದರೆ ಓದುಗನಿಗೆ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಹೆಸರು ಬೇಕಾದರೆ ಪರಭಾಷೆಯದೇ ಇರಲಿ, ವಿವರಣೆ ನಮ್ಮ ಮನೆಯ ಕನ್ನಡದಲ್ಲಿರಲಿ. ಅಮ್ಮನಿಗೆ ಬೇಕಾಗಿದ್ದುದು ವಾರ್ಫರಿನ್ನಿಗೆ ಹೊಸ ಹೆಸರಲ್ಲ, ಬಸಳೆ ಎಂಬ ಹಳೆಯ ಹೆಸರು.

“ಮಕ್ಕಳೆಲ್ಲ ಇಂಗ್ಲಿಷಿನಲ್ಲಿ ಓದುವಾಗ ಈ ಪುಸ್ತಕಗಳು ಯಾರಿಗೆ?” ಎಂದು ಕೇಳುವವರುಂಟು. ಈ ಪ್ರಶ್ನೆ ಗಟ್ಟಿಯಾದುದು, ಜಾರಿಕೊಳ್ಳುವ ಹಾಗಿಲ್ಲ. ಮೊದಲನೆಯದಾಗಿ, ಎಲ್ಲ ಮಕ್ಕಳೂ ಹಾಗಲ್ಲ. ಪುಣೆಯ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಶಾಲೆಗಳಿಗಾಗಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಸೊಲ್ಲಾಪುರ, ಜತ್ತ ಸೀಮೆಯ ಹುಡುಗಿ ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲೇ ಓದಿ, ಹನ್ನೊಂದಕ್ಕೆ ಬಂದಾಗ ಇದ್ದಕ್ಕಿದ್ದಂತೆ ಇಂಗ್ಲಿಷಿನ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾಳೆ. ಆ ಗೋಡೆಗೆ ಒರಗಿಸಲು ಒಂದು ಏಣಿ ಬೇಡವೇ? ಎರಡು ಭಾಷೆಯ ಒಳ್ಳೆಯ ಪದವಿವರಣ ಕೋಶವೇ ಆ ಏಣಿ. ಎರಡನೆಯದಾಗಿ, ಪರಾಮರ್ಶನ ಗ್ರಂಥ ಪರೀಕ್ಷೆಗಾಗಿ ಮಾತ್ರ ಇರುವುದಲ್ಲ. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆ ಕಲಿತ ನಮ್ಮ ಹಿರಿಯರಿಗೆ, ಥಾಣೆ-ಬೇಲಾಪುರ ರಸ್ತೆಯ ರಾಸಾಯನಿಕ ಕಾರಖಾನೆಗಳಲ್ಲಿ ಡ್ರಮ್ಮಿನ ಮೇಲಿನ ಎಚ್ಚರಿಕೆ ಓದಲಾರದೆ ದುಡಿದವರಿಗೆ, ಮೊಮ್ಮಗುವಿಗೆ ಜ್ವರ ಬಂದಾಗ ಒಬ್ಬಳೇ ಮನೆಯಲ್ಲಿರುವ ಅಜ್ಜಿಗೆ ಅದು ಬೇಕು.

ಮೂರನೆಯದಾಗಿ, ಬೇಡಿಕೆ ಇದ್ದಲ್ಲಿ ಕನ್ನಡದಲ್ಲಿ ಪುಸ್ತಕ ಹುಟ್ಟಿಯೇ ಇದೆ. ಶಿಕ್ಷಕ ತರಬೇತಿ ಕರ್ನಾಟಕದಲ್ಲಿ ಕನ್ನಡದಲ್ಲೂ ನಡೆಯುವುದರಿಂದ ಶಿಕ್ಷಣಶಾಸ್ತ್ರ, ಶೈಕ್ಷಣಿಕ ಮನೋವಿಜ್ಞಾನಗಳ ಮೇಲೆ ಪುಸ್ತಕಗಳಿಗೆ ಬರವಿಲ್ಲ. ವೈದ್ಯಕೀಯದಲ್ಲಿ ಬರವಿದ್ದರೆ ಅದು ಭಾಷೆಯ ಬಡತನವಲ್ಲ, ವ್ಯವಸ್ಥೆಯ ಬಡತನ.

ಭಾಷೆಯಿಂದಾಗದು ಎನ್ನುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾಫ್ನಾದಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಫಿಸ್ಕ್ ಗ್ರೀನ್ ವೈದ್ಯಗ್ರಂಥಗಳನ್ನು ತಮಿಳಿಗೆ ತಂದು ತಮಿಳಿನಲ್ಲೇ ವೈದ್ಯರನ್ನು ತಯಾರಿಸಿದರು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿತು. ಅದಕ್ಕಾಗಿ ಮೊದಲೇ ಒಂದು ಅನುವಾದ ಕಚೇರಿಯನ್ನು ತೆರೆದಿತ್ತು. ಬೀದರ, ರಾಯಚೂರು, ಕಲಬುರ್ಗಿಗಳ ಕನ್ನಡಿಗರೂ ಆಗ ಆ ಸಂಸ್ಥಾನದ ಪ್ರಜೆಗಳೇ. ಹಾಗೆ ನೋಡಿದರೆ ಬೆಳ್ಳಾವೆಯವರ ‘ವಿಜ್ಞಾನ’ ಹೊರಟದ್ದೂ ಅದೇ ವರ್ಷ. ಅಲ್ಲಿ ಸರ್ಕಾರದ ಬೆಂಬಲವಿತ್ತು, ವಿಶ್ವವಿದ್ಯಾನಿಲಯ ಬೆಳೆಯಿತು. ಇಲ್ಲಿ ಚಂದಾದಾರರ ಬಲ ಸಾಲದೆ ಪತ್ರಿಕೆ ಬೇಗನೆ ನಿಂತಿತು. 2022ರಲ್ಲಿ ಮಧ್ಯಪ್ರದೇಶ ಸರ್ಕಾರ ಎಂ.ಬಿ.ಬಿ.ಎಸ್. ಮೊದಲ ವರ್ಷದ ಪುಸ್ತಕಗಳನ್ನು ಹಿಂದಿಯಲ್ಲಿ ಹೊರತಂದಿತು. ಅವು ಎಷ್ಟು ಚೆನ್ನಾಗಿವೆ ಎಂಬ ಚರ್ಚೆ ಬೇರೆ. ಮಾಡಬೇಕೆಂದಾಗ ಮಾಡಬಹುದು ಎಂಬುದಂತೂ ತೋರಿತು.

ಬರಿಯ ದೂರು ಬರೆದು ಮುಗಿಸಿದರೆ ನನ್ನ ಲೇಖನವೂ ವಾರ್ಷಿಕೋತ್ಸವದ ಭಾಷಣದ ಸಾಲಿಗೇ ಸೇರೀತು. ಆದುದರಿಂದ ಮೂರು ಸೂಚನೆಗಳನ್ನು ಸಂಘಗಳ ಮುಂದಿಡುತ್ತೇನೆ. ಒಂದು: ಮುಂದಿನ ವರ್ಷದಿಂದ ಶಾಲು-ಸ್ಮರಣಿಕೆಗಳ ಬದಲು ಅತಿಥಿಯ ಹೆಸರಿನಲ್ಲಿ ಒಂದು ಕೋಶವನ್ನೋ ವಿಜ್ಞಾನ ಗ್ರಂಥವನ್ನೋ ಕೊಂಡು ಸಂಘದ ಕಪಾಟಿನಲ್ಲಿಡೋಣ. ಎರಡು: ಕರ್ನಾಟಕ ಸರ್ಕಾರದ ‘ಪದಕಣಜ’ ಅಂತರಜಾಲದಲ್ಲಿದೆ, ವಿಶ್ವಕೋಶದ ಕೆಲವು ಸಂಪುಟಗಳೂ ಮುಕ್ತವಾಗಿ ಸಿಗುತ್ತವೆ. ಅವನ್ನು ಬಳಸುವುದನ್ನು ನಮ್ಮ ಹುಡುಗರು ಒಂದು ಭಾನುವಾರ ಕುಳಿತು ಹಿರಿಯರಿಗೆ ಕಲಿಸಲಿ. ಮೂರು, ಇದೇ ಮುಖ್ಯ: ಐರೋಲಿಯಿಂದ ಕಲ್ಯಾಣದವರೆಗೆ ನಮ್ಮವರೇ ಆದ ವೈದ್ಯರು, ದಾದಿಯರು, ಔಷಧದಂಗಡಿಯವರು ಎಷ್ಟು ಮಂದಿಯಿಲ್ಲ! ಅವರು ಕೂಡಿ ಮಧುಮೇಹ, ರಕ್ತದೊತ್ತಡ, ಹೃದಯದ ಮಾತ್ರೆಗಳು, ಕ್ಷಯ, ಮಗುವಿನ ಜ್ವರ ಹೀಗೆ ಒಂದೊಂದರ ಮೇಲೆ ಒಂದೊಂದು ಹಾಳೆಯನ್ನು, ನಾವು ನಿಜವಾಗಿ ಉಣ್ಣುವ ಪದಾರ್ಥಗಳ ಹೆಸರು ಹಾಕಿ ಕನ್ನಡದಲ್ಲಿ ಬರೆದುಕೊಡಲಿ. ಅಚ್ಚಿನ ಖರ್ಚು ಸಂಘದ್ದಾಗಲಿ. 1978ರಿಂದ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ವಿಭಾಗವಿದೆ. ಭಾಷೆಯನ್ನು ತಿದ್ದಿಕೊಡಿರೆಂದು ಕೇಳಿದರೆ ಅವರು ಇಲ್ಲವೆನ್ನಲಾರರು.

ಮೊದಲ ಹಾಳೆ ವಾರ್ಫರಿನ್ನಿನದಾಗಲಿ. ಅಮ್ಮ ಈಗ ಚೆನ್ನಾಗಿದ್ದಾರೆ, ಬಸಳೆಯನ್ನು ವೈದ್ಯರು ಹೇಳಿದಷ್ಟೇ ಉಣ್ಣುತ್ತಾರೆ. ಕರಡನ್ನು ಮೊದಲು ಅವರಿಗೇ ಓದಲು ಕೊಡುತ್ತೇನೆ. ಅವರಿಗೆ ಅರ್ಥವಾಗದ ಸಾಲನ್ನು ಹೊಡೆದುಹಾಕಿ ಮತ್ತೆ ಬರೆಯೋಣ.